ಗಂಜಿ ಹಾಕಿದ ಸಮೀಕರಣ

ಗೊತ್ತಿಲ್ಲದ ವಿಷಯವನ್ನು ಕಲಿಯುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಗೊತ್ತಿಲ್ಲದ ವಿಷಯವನ್ನು ಕಲಿಸುವುದು ಅದಕ್ಕಿಂತ ಎಷ್ಟು ಕಷ್ಟವೆಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಏಕೆಂದರೆ ಹಾಗೆ ಕಲಿಸಿದವರು ಅದನ್ನು ಒಪ್ಪಿಕೊಳ್ಳುವುದಿಲ್ಲ. ಕಲಿಯುವವನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತರೆ ಒಂದು ತಾಸು ಹೇಗೋ ಕಳೆದುಹೋಗುತ್ತದೆ. ಕಲಿಸುವವನಿಗೆ ಹಿಂದಿನ ಬೆಂಚೇ ಇಲ್ಲ. ಉತ್ತರ ಬಾರದಾಗ ಕೆಮ್ಮುವುದು, ಬರೆಯುತ್ತಿದ್ದ ಖಡು ಮುರಿದು ಅದರ ಚೂರನ್ನು ಬೋರ್ಡಿನ ಕೆಳಗೆ ಹುಡುಕುವುದು, ಕೊನೆಗೆ ಗಂಭೀರವಾಗಿ "ಇದನ್ನು ನಾಳೆ ನೋಡೋಣ" ಎನ್ನುವುದು, ಈ ಮೂರು ವಿದ್ಯೆಗಳನ್ನು ನಾನು ಬನಹಟ್ಟಿಯಲ್ಲಿ ಅಂಥ ಮಾಸ್ತರನಾದ ಮೊದಲ ತಿಂಗಳಲ್ಲೇ ಸಾಧಿಸಿಕೊಂಡಿದ್ದೆ. ಕೆಮ್ಮಂತೂ ಎಷ್ಟು ಸಹಜವಾಗಿತ್ತೆಂದರೆ ಹೆಡ್ ಮಾಸ್ತರರು ಒಮ್ಮೆ ಜ್ಯೇಷ್ಠಮಧು ತಂದುಕೊಟ್ಟರು.

ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದ ಹೊಸತು. ನಾನು ಇತಿಹಾಸದಲ್ಲಿ ಬಿ.ಎ. ಮಾಡಿ ಬನಹಟ್ಟಿಯ ಒಂದು ಹೈಸ್ಕೂಲಿಗೆ ತಾತ್ಪೂರ್ತಿಕ ಶಿಕ್ಷಕನಾಗಿ ಸೇರಿದ್ದೆ. ತಾತ್ಪೂರ್ತಿಕ ಎಂದರೆ ನಾಳೆಯೂ ಇರಬಹುದು, ನಾಡಿದ್ದು ಇಲ್ಲದಿರಬಹುದು ಎಂಬ ಸ್ಥಿತಿ. ಸೇರಿದ ಮೂರನೆಯ ತಿಂಗಳಿಗೆ ನಮ್ಮ ರಸಾಯನಶಾಸ್ತ್ರದ ಮಾಸ್ತರರು ತರಬೇತಿಗೆಂದು ಧಾರವಾಡಕ್ಕೆ ಹೋದರು. ಸಂಸ್ಕೃತ ಪಂಡಿತರಾದ ಹೆಡ್ ಮಾಸ್ತರರು ನನ್ನನ್ನು ಕರೆದು, "ಇವತ್ತಿಂದ ರಸಾಯನ ನಿಮಗ" ಎಂದರು.

"ಸರ್, ನಂದು ಇತಿಹಾಸರಿ."

"ಇತಿಹಾಸದಾಗ ಯುದ್ಧ ಇರತಾವಿಲ್ಲೋ? ಇದರಾಗೂ ಅದs ಇರೂದು. ಆ ಕಡಿಂದ ಜಲಜನಕ ಬರತೈತಿ, ಈ ಕಡಿಂದ ಆಮ್ಲಜನಕ ಬರತೈತಿ, ಗುದ್ದಾಡತಾವ, ನೀರ ಆಗತೈತಿ. ಅಷ್ಟs ನೋಡ್ರಿ."

ಇಲ್ಲವೆನ್ನುವ ಧೈರ್ಯ ನನಗಿರಲಿಲ್ಲ. ಮುಧೋಳದಲ್ಲಿ ನನಗೊಂದು ಹೆಣ್ಣು ಗೊತ್ತಾಗಿತ್ತು. ಹುಡುಗಿ ನನ್ನನ್ನು ಒಪ್ಪಿದ್ದಳು. ನಾನಂತೂ ಅವಳು ಚಹಾ ತಂದಿಡುವ ಮೊದಲೇ ಒಪ್ಪಿಬಿಟ್ಟಿದ್ದೆ. ಅಡ್ಡಿಯಾಗಿದ್ದದ್ದು ಅವಳ ತಂದೆಯ ಒಂದೇ ಒಂದು ಮಾತು. "ತಮ್ಮಾ, ನೌಕರಿ ಕಾಯಂ ಆದ ಕಾಗದಾ ತೋರಸು, ಮರುದಿನಾನs ಅಕ್ಷತಿ ಹಾಕೂಣು" ಎಂದಿದ್ದರು. ಕಾಯಂ ಮಾಡುವವರು ಇನ್‌ಸ್ಪೆಕ್ಟರ್ ಸಾಹೇಬರು. ಅವರು ದೀಪಾವಳಿ ಮುಗಿದ ಮೇಲೆ ಬಂದು ನನ್ನ ಪಾಠ ನೋಡಿ ಬರೆಯುವುದರ ಮೇಲೆ ಎಲ್ಲವೂ ನಿಂತಿತ್ತು. ಆದ್ದರಿಂದ ಹೆಡ್ ಮಾಸ್ತರರು ರಸಾಯನವನ್ನಲ್ಲ, ಕುಸ್ತಿಯನ್ನು ಕಲಿಸೆಂದಿದ್ದರೂ ನಾನು ಲಂಗೋಟಿ ಹುಡುಕುತ್ತಿದ್ದೆ.

ಜಮಖಂಡಿಯಲ್ಲಿ ಓದುವಾಗ ಕಲಿತ ರಸಾಯನಶಾಸ್ತ್ರದಲ್ಲಿ ನನಗೆ ಉಳಿದಿದ್ದದ್ದು ಒಂದು ವಾಸನೆ ಮಾತ್ರ. ನಮ್ಮ ಮಾಸ್ತರರು ಯಾವುದೋ ಅನಿಲ ತಯಾರಿಸಿ, "ಇದು ಕೆಟ್ಟ ತತ್ತಿಯ ವಾಸನಿ" ಎಂದು ಬರೆಸಿದ್ದರು. ತತ್ತಿ ಎಂಬುದು ಹೊಸ್ತಿಲು ದಾಟದ ಮನೆಯಿಂದ ಬಂದ ನಾನು ತತ್ತಿಗಳೆಲ್ಲ ಹೀಗೇ ನಾರುತ್ತವೆಂದು ತಿಳಿದು, ಅವನ್ನು ತಿನ್ನುವವರ ಬಗ್ಗೆ ಬಹಳ ವರ್ಷ ಮರುಕಪಟ್ಟೆ. ಇನ್ನು ಸಮೀಕರಣ ಬರೆಯುವುದೆಂದರೆ ಆಗಲೂ ನನಗೆ ಜ್ವರ ಬರುತ್ತಿತ್ತು. ನಡುವೆ ಒಂದು ಬಾಣ. ಬಾಣದ ಎಡಗಡೆ ಎಷ್ಟು ಕಣಗಳು ಹೊರಡುತ್ತವೆಯೋ ಬಲಗಡೆ ಅಷ್ಟೇ ಇಳಿಯಬೇಕು. ಒಂದೂ ಕಳೆಯಬಾರದು, ಹೊಸದೊಂದು ಸೇರಬಾರದು. ಜಮಖಂಡಿಯಿಂದ ಬನಹಟ್ಟಿಗೆ ಬರುವ ಬಸ್ಸನ್ನು ನೋಡಿ ಬೆಳೆದ ನನಗೆ ಇಂಥದೊಂದು ಪ್ರಯಾಣ ಸಾಧ್ಯವೆಂದೇ ನಂಬಿಕೆ ಬರುತ್ತಿರಲಿಲ್ಲ.

ಆದರೂ ಕಲಿಸಿದೆ. ಜಲಜನಕ ಮತ್ತು ಆಮ್ಲಜನಕ ಸೇರಿ ನೀರಾಗುವುದನ್ನು ಬೋರ್ಡಿನ ಮೇಲೆ ಬರೆದೆ. ಎಚ್ ಟು, ಓ ಟು, ಬಾಣ, ಎಚ್ ಟು ಓ. ಎಣಿಸಿ ನೋಡಿದರೆ ಎಡಕ್ಕೆ ಎರಡು ಆಮ್ಲಜನಕ, ಬಲಕ್ಕೆ ಒಂದೇ. ಒಂದು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ನಾನು ಕೆಮ್ಮಿದೆ. ಖಡು ಮುರಿದೆ. ಬಗ್ಗಿ ಹುಡುಕುವಾಗ ಒಂದು ಉಪಾಯ ಹೊಳೆಯಿತು. ಎದ್ದು ನಿಂತು ಬಲಗಡೆಯ ಓ ಅಕ್ಷರದ ಕಾಲಬುಡದಲ್ಲಿ ಸಣ್ಣದೊಂದು ಎರಡನ್ನು ಬರೆದುಬಿಟ್ಟೆ. ಎಡಕ್ಕೂ ಎರಡು, ಬಲಕ್ಕೂ ಎರಡು. ಹುಡುಗರು ಬರೆದುಕೊಂಡರು. ನಾನು ಮೀಸೆಯ ಮೇಲೆ ಕೈಯಾಡಿಸಿ ಹೊರಗೆ ಬಂದೆ.

ಆಗ ನಾನು ನೀಲವ್ವ ಎಂಬ ವಿಧವೆಯ ಮನೆಯ ಹೊರಗಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಅರವತ್ತರ ಹತ್ತಿರದ ನೀಲವ್ವ ಒಳಗಿನ ಪಡಸಾಲೆಯಲ್ಲಿ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದಳು, ಸಂಜೆ ಕಟ್ಟೆಯ ಮೇಲೆ ರಾಟಿ ಇಟ್ಟುಕೊಂಡು ನೂಲು ಸುತ್ತುತ್ತಿದ್ದಳು. ಅಕ್ಷರ ಬಾರದ ಹೆಂಗಸು. ಆದರೆ ನಾನು ಓದುವುದನ್ನೆಲ್ಲ ಜೋರಾಗಿ ಓದಬೇಕೆಂದು ಅವಳ ಹಟ. "ಸುಮ್ನ ಕಣ್ಣಾಗ ಓದಿದ್ರ ನಮಗೇನ ಬಂತ್ರಿ, ಮಾಸ್ತರ? ಬಾಡಗಿ ಇದ್ದವರು ನಾಕ ಮಾತ ನಮ್ಮ ಕಿವಿಗೂ ಹಾಕಬೇಕು" ಎನ್ನುತ್ತಿದ್ದಳು. ಹೀಗಾಗಿ ಪಾಣಿಪತ್ತಿನ ಮೂರೂ ಯುದ್ಧಗಳು ಅವಳಿಗೆ ಬಾಯಿಪಾಠವಾಗಿದ್ದವು. ಅಂದು ಸಂಜೆ ನಾನು ನನ್ನ ಗೆಲುವನ್ನು ಪಾಟಿಯ ಮೇಲೆ ಬರೆದು ಅವಳಿಗೆ ವಿವರಿಸಿದೆ. ಎರಡು ಪದಾರ್ಥ ಸೇರಿ ಮೂರನೆಯದಾಗುವುದು, ಕೊಟ್ಟದ್ದು ಬಂದದ್ದು ಸಮನಾಗಬೇಕಾದದ್ದು, ಒಂದು ಕಡಿಮೆ ಬಿದ್ದದ್ದು, ನಾನು ಕಾಲಬುಡದಲ್ಲಿ ಎರಡು ಬರೆದು ಸರಿಮಾಡಿದ್ದು, ಎಲ್ಲವನ್ನೂ ಹೇಳಿದೆ.

ನೀಲವ್ವ ರಾಟಿ ನಿಲ್ಲಿಸಿದಳು. "ಹಂಗ ಬರದ ಮ್ಯಾಲೂ ಅದು ನೀರs ಉಳೀತೇನ್ರಿ?"

"ಉಳೀದs ಎಲ್ಲಿ ಹೋಗತೈತ್ರಿ, ನೀಲವ್ವಾರ" ಎಂದೆ. ಎಂದವನಿಗೆ ಯಾಕೋ ಸಂಶಯ ಬಂತು. ಪುಸ್ತಕದ ಪುಟ ತಿರುವಿದೆ. ನಾನು ಬರೆದ ಎಚ್ ಟು ಓ ಟು ಎಂಬುದು ಅಲ್ಲಿ ಇತ್ತು. ಆದರೆ ಅದು ನೀರಲ್ಲ. ಗಾಯದ ಮೇಲೆ ಹಾಕಿದರೆ ಬುಸುಬುಸು ನೊರೆ ಬರುವ ಔಷಧ. ನಲವತ್ತು ಮಕ್ಕಳಿಗೆ ನಾನು ಕುಡಿಯುವ ನೀರೆಂದು ಆಸ್ಪತ್ರೆಯ ಬಾಟಲಿಯನ್ನು ಬರೆಸಿಬಂದಿದ್ದೆ.

ನನ್ನ ಮುಖ ನೋಡಿ ನೀಲವ್ವನಿಗೆ ತಿಳಿಯಿತು. "ಗಂಜಿ ಹಾಕಿ ತೂಕ ತುಂಬಿದಂಗ ಆತ ಬಿಡ್ರಿ" ಎಂದಳು.

ಈ ಮಾತಿನ ತೂಕ ನಿಮಗೆ ಗೊತ್ತಾಗಬೇಕಾದರೆ ಆಗಿನ ಬನಹಟ್ಟಿಯ ಪದ್ಧತಿ ಹೇಳಬೇಕು. ಸಾವಕಾರ ನೇಕಾರನಿಗೆ ನೂಲನ್ನು ತೂಗಿ ಕೊಡುತ್ತಿದ್ದ, ನೇಯ್ದ ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಿದ್ದ. ಎರಡೂ ಸಮ ಬರಬೇಕು. ಎಳೆ ಗಟ್ಟಿಯಾಗಲೆಂದು ನೂಲಿಗೆ ಒಂದಿಷ್ಟು ಗಂಜಿ ಹಾಕುವುದು ಎಲ್ಲರ ಮನೆಯ ರೀತಿಯೇ. ಆದರೆ ನೂಲು ಕಡಿಮೆ ಬಿದ್ದಾಗ ಅದನ್ನು ಮುಚ್ಚಲು ದಪ್ಪಗೆ ಗಂಜಿ ಬಳಿದು ತಕ್ಕಡಿಯ ಕಣ್ಣು ಕಟ್ಟುವವರೂ ಇದ್ದರು. ಅಂಥ ಸೀರೆ ಅಂಗಡಿಯಲ್ಲಿ ಠಾಕುಠೀಕಾಗಿ ನಿಲ್ಲುತ್ತದೆ, ಮೊದಲನೇ ಒಗೆತಕ್ಕೆ ಜಾಳುಜಾಳಾಗುತ್ತದೆ. ಒಬ್ಬನನ್ನು ಕುರಿತು "ಗಂಜಿ ಹಾಕ್ಯಾನ" ಎಂದು ಅವನ ಎದುರಿಗೇ ಅಂದರೆ ಎರಡು ಓಣಿಗಳು ಬಡಿದಾಡಲು ಅಷ್ಟು ಸಾಕಿತ್ತು. ಆ ಮಾತನ್ನು ನೀಲವ್ವ ನನಗೆ ಅಂದಿದ್ದಳು, ಅದೂ ಬಹಳ ಅಂತಃಕರಣದಿಂದ.

"ಮತ್ತ ಹ್ಯಾಂಗ ಮಾಡಬೇಕ್ರಿ?" ಎಂದೆ.

"ಸೀರಿ ಕೆಡಸಬ್ಯಾಡ್ರಿ. ಸೀರಿ ಸೀರೀನs ಇರಲಿ. ನಿಮ್ಮ ಜಲಜನಕ ಉದ್ದನ ಹಾಸು ಅನ್ರಿ, ಆಮ್ಲಜನಕ ಅಡ್ಡ ಹೊಕ್ಕು ಅನ್ರಿ. ಹೊಕ್ಕಿನ ನೂಲು ಜೋಡಿಲೇ ಬರತೈತಿ ಅಂತೀರಿ. ಒಂದ ಸೀರಿಗೆ ಒಂದs ಸಾಕು. ಉಳದದ್ದ ಒಗೀತೀರೇನು? ಎರಡ ಸೀರಿ ನೇಯ್ರಿ. ಎರಡ ಸೀರಿಗೆ ಹಾಸು ಕಡಿಮಿ ಬಿತ್ತೋ? ಹಾಸಿನ ನೂಲಿನ ಕಟ್ಟು, ಇನ್ನೊಂದ ಲಡಿ ತರ್ರಿ. ತರೂದಾದ್ರ ಇಡೀ ಲಡಿ ತರಬೇಕು, ಬಿಡಿ ಎಳಿ ಯಾರೂ ಕೊಡೂದಿಲ್ಲ."

ನಾನು ಪಾಟಿ ಒರೆಸಿ ಬರೆದೆ. ಎರಡು ಎಚ್ ಟು, ಒಂದು ಓ ಟು, ಬಾಣ, ಎರಡು ಎಚ್ ಟು ಓ. ಎಣಿಸಿದೆ. ಎಡಕ್ಕೆ ನಾಲ್ಕು ಮತ್ತು ಎರಡು, ಬಲಕ್ಕೆ ನಾಲ್ಕು ಮತ್ತು ಎರಡು. ಜಮಖಂಡಿಯಲ್ಲಿ ಮೂರು ವರ್ಷ ಬಡಿದುಕೊಂಡರೂ ತಲೆಗೆ ಹೋಗದಿದ್ದದ್ದು ಕಟ್ಟೆಯ ಮೇಲೆ ಅರ್ಧ ತಾಸಿನಲ್ಲಿ ಹೋಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಸಂಜೆ ಪುಸ್ತಕದ ಹಿಂದಿದ್ದ ಅಭ್ಯಾಸಗಳನ್ನೆಲ್ಲ ಮಾಡಿ ಮುಗಿಸಿದೆ. ತಪ್ಪಿದಲ್ಲೆಲ್ಲ ನೀಲವ್ವ ಪಾಟಿ ನೋಡದೆಯೇ, "ಸೀರಿಗೆ ಕೈ ಹಚ್ಚಿದ್ರೇನು?" ಎಂದು ಕೇಳುತ್ತಿದ್ದಳು. ಹೌದು, ಹಚ್ಚಿರುತ್ತಿದ್ದೆ.

ಮರುದಿನ ಮಕ್ಕಳ ಎದುರಿಗೆ ನನ್ನ ತಪ್ಪನ್ನು ಒಪ್ಪಿಕೊಂಡು ಹಾಸು ಹೊಕ್ಕಿನ ಲೆಕ್ಕದಲ್ಲಿ ಮತ್ತೆ ಕಲಿಸಿದೆ. ನೇಕಾರರ ಮಕ್ಕಳು. ಅವರಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ. ಯಾರಾದರೂ ಅಕ್ಷರದ ಕಾಲಬುಡದ ಅಂಕಿಗೆ ಕೈ ಹಾಕಿದರೆ ಇಡೀ ವರ್ಗ "ಗಂಜಿ, ಗಂಜಿ" ಎಂದು ಕೂಗುತ್ತಿತ್ತು. ನಾನೂ ತಡೆಯಲಿಲ್ಲ. ತಡೆಯಬೇಕಿತ್ತೆಂದು ನನಗೆ ಗೊತ್ತಾದದ್ದು ಇನ್‌ಸ್ಪೆಕ್ಟರ್ ಸಾಹೇಬರು ಬಂದ ದಿನ.

ಅವರಿಗಾಗಿ ನಾನು ಬಹಮನಿ ಸುಲ್ತಾನರ ಪಾಠ ತಯಾರು ಮಾಡಿಟ್ಟಿದ್ದೆ. ಬಣ್ಣದ ನಕಾಶೆ ಕೂಡ ಬರೆದಿದ್ದೆ. ಸಾಹೇಬರು ಬಂದು, ನಕಾಶೆ ನೋಡಿ, "ಈ ವಾರದಾಗ ನಾಕ ಸಾಲ್ಯಾಗ ಬಹಮನಿ ಕೇಳೇನಿ. ರಸಾಯನ ತಗೋರಿ" ಎಂದರು. ನಾನು ಕೆಮ್ಮಿದೆ. ಅವರೇ ಖಡು ಕೈಗೆ ತೆಗೆದುಕೊಂಡು ಬೋರ್ಡಿನ ಮೇಲೆ ಮೆಗ್ನೀಷಿಯಂ ಉರಿಯುವ ಸಮೀಕರಣ ಬರೆದರು. ಬಲಗಡೆ ಒಂದೇ ಆಮ್ಲಜನಕ ಇರಬೇಕಾದಲ್ಲಿ ಓ ಅಕ್ಷರದ ಕಾಲಬುಡದಲ್ಲಿ ಎರಡು ಹಾಕಿ, "ಇದು ಸರಿ ಐತೇನು?" ಎಂದು ಮಕ್ಕಳನ್ನು ಕೇಳಿದರು. ಪರೀಕ್ಷೆ ಮಾಡಲು ಹಾಗೆ ಬರೆದರೋ, ಅವರಿಗೂ ಹಾಗೇ ಗೊತ್ತಿತ್ತೋ, ನನಗೆ ಇಂದಿಗೂ ತಿಳಿದಿಲ್ಲ.

ನಲವತ್ತು ಮಕ್ಕಳು ಒಂದೇ ದನಿಯಲ್ಲಿ, "ಗಂಜಿ ಹಾಕ್ಯಾರ್ರಿ" ಎಂದರು.

ಬಾಗಿಲಲ್ಲಿ ನಿಂತಿದ್ದ ಹೆಡ್ ಮಾಸ್ತರರು ಗೋಡೆ ಹಿಡಿದುಕೊಂಡರು. ಸಾಹೇಬರು, "ಯಾರು ಹಾಕ್ಯಾರ?" ಎಂದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ನೀವರೀ" ಎಂದಳು. ಮುಧೋಳದ ಅಕ್ಷತೆ ಕಾಳುಕಾಳಾಗಿ ನೆಲಕ್ಕೆ ಸುರಿದುಹೋಗುವುದು ನನ್ನ ಕಣ್ಣಿಗೆ ಕಂಡಿತು. ಆ ಪುಣ್ಯಾತ್ಗಿತ್ತಿ ಅಷ್ಟಕ್ಕೇ ಬಿಡದೆ ಬೋರ್ಡಿನ ಹತ್ತಿರ ಹೋಗಿ ಸಾಹೇಬರ ಎರಡನ್ನು ಒರೆಸಿದಳು. "ತೂಕ ಬಂದೈತ್ರಿ, ಆದ್ರ ಮಾಲು ಬ್ಯಾರೆ ಆಗೈತ್ರಿ. ಎರಡ ಸೀರಿ ನೇಯಬೇಕು, ಹಾಸಿಂದು ಇನ್ನೊಂದ ಲಡಿ ತರಬೇಕ್ರಿ" ಎಂದು ಎರಡು ಮೆಗ್ನೀಷಿಯಂ ಹಾಕಿ, ಬಲಗಡೆಯೂ ಮುಂದೆ ಎರಡು ಬರೆದು, ಕೈ ಝಾಡಿಸಿಕೊಂಡು ಬಂದು ಕೂತಳು.

ಸಾಹೇಬರು ಮತ್ತೆ ಖಡು ಕೈಗೆ ತೆಗೆದುಕೊಂಡರು. ಆಮೇಲೆ ಇನ್ನೂ ಮೂರು ಸಮೀಕರಣ ಬರೆದರು. ಮೂರನ್ನೂ ಮೂರು ಮಕ್ಕಳು ಸರಿಮಾಡಿದರು. ಪಾಠ ಮುಗಿದ ಮೇಲೆ ನನ್ನನ್ನು ಹೆಡ್ ಮಾಸ್ತರರ ಖೋಲಿಗೆ ಕರೆಸಿದರು. "ಇಷ್ಟ ಸಸಾರ ಮಾಡಿ ಕಲಿಸಿದ್ದು ನಾ ಎಲ್ಲೂ ನೋಡಿಲ್ಲ. ಈ ಪದ್ಧತಿ ನಿಮಗ ಎಲ್ಲಿ ಸಿಕ್ತು?"

ಇಲ್ಲಿ ನಾನು ನಿಜ ಹೇಳಬಹುದಿತ್ತು. ನಮ್ಮ ಮನೆಯೊಡತಿ ಹೇಳಿಕೊಟ್ಟಳು, ಅಕ್ಷರ ಬಾರದವಳು, ಅವಳು ಹೇಳುವ ತನಕ ನನಗೆ ರಸಾಯನದ ಗಂಧವೇ ಇರಲಿಲ್ಲ ಎನ್ನಬಹುದಿತ್ತು. ಆ ಮಾತು ನಾಲಗೆಯ ತುದಿಯ ತನಕ ಬಂದಿತ್ತು. ಆದರೆ ಅದರ ಹಿಂದೆಯೇ ಮುಧೋಳವೂ ಬಂದು ನಿಂತಿತು. "ಒಂದು ಇಂಗ್ಲಿಷ್ ಪುಸ್ತಕದಾಗ ಓದಿದ್ನಿರಿ" ಎಂದುಬಿಟ್ಟೆ. ಹೆಸರು ಕೇಳಿದರು. ನೆನಪಿಲ್ಲವೆಂದೆ. ಸಾಹೇಬರು ತಲೆದೂಗಿ, "ಇಂಗ್ಲಿಷರು ಎಲ್ಲಾ ವಿಚಾರ ಮಾಡಿಟ್ಟಾರ ನೋಡ್ರಿ" ಎಂದು ಬರೆದುಕೊಂಡರು. ಕಾಯಂ ಮಾಡಲು ಶಿಫಾರಸು ಮಾಡಿದರು, ಆದರೆ ಇತಿಹಾಸಕ್ಕಲ್ಲ, ರಸಾಯನಶಾಸ್ತ್ರಕ್ಕೆ. ಮದುವೆಯಾಯಿತು. ಮುಂದೆ ನೌಕರಿ ಇದ್ದಷ್ಟು ವರ್ಷವೂ ಬಹಮನಿಯ ಮುಖ ನೋಡಲಾಗದೆ ಆ ಕೆಟ್ಟ ತತ್ತಿಯ ವಾಸನೆಯಲ್ಲೇ ಕಳೆದೆ.

ಸಾಹೇಬರು ಬಂದ ದಿನ ಸಂಜೆ ಪೇಡೆ ತೆಗೆದುಕೊಂಡು ಮನೆಗೆ ಬಂದೆ. ನೀಲವ್ವ ಕಟ್ಟೆಯ ಮೇಲೆ ನೂಲು ಸುತ್ತುತ್ತಿದ್ದಳು. ಕಾಯಂ ಆಗುತ್ತದೆಂದು ಕೇಳಿ ಎದ್ದು ನಿಂತು ನನ್ನ ದೃಷ್ಟಿ ತೆಗೆದಳು. ಆಮೇಲೆ ಕೇಳಿದಳು. "ಯಾರ ಕಲಿಸಿದ್ರು ಅಂತ ಕೇಳಿದ್ರೇನ್ರಿ ಸಾಹೇಬರು?"

"ಕೇಳಿದ್ರು."

"ಏನಂದ್ರಿ?"

ಬೇಕಾದರೆ ಅಲ್ಲಿಯೂ ಒಂದು ಸುಳ್ಳು ಹೇಳಬಹುದಿತ್ತು. ಅವಳ ಎದುರಿಗೆ ಅದು ಬರಲಿಲ್ಲ. ತಲೆ ತಗ್ಗಿಸಿ, "ಇಂಗ್ಲಿಷ್ ಪುಸ್ತಕದಾಗ ಐತಿ ಅಂದ್ನಿರಿ" ಎಂದೆ. ಬೈಗುಳ ತಿನ್ನಲು ತಯಾರಾಗಿ ಕೂತೆ.

ನೀಲವ್ವನ ಮುಖ ಅರಳಿಬಿಟ್ಟಿತು. "ಖರೇನ? ಪುಸ್ತಕದಾಗೂ ಐತೇನ್ರಿ ಇದು? ನಾ ಅಂದದ್ದು?" ಎಂದಳು. ಇಲ್ಲವೆನ್ನಲು ನನ್ನಿಂದಾಗಲಿಲ್ಲ. "ಐತ್ರಿ" ಎಂದೆ. "ಓದ್ರಿ ಮತ್ತ, ಕೇಳೂಣು" ಎಂದು ರಾಟಿ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು ಕೂತಳು. ಪುರಾಣಕ್ಕೂ ಅವಳು ಅಷ್ಟು ಶಿಸ್ತಾಗಿ ಕೂತದ್ದನ್ನು ನಾನು ನೋಡಿರಲಿಲ್ಲ.

ನನ್ನ ಟ್ರಂಕಿನಲ್ಲಿ ಇದ್ದ ದಪ್ಪನೆಯ ಇಂಗ್ಲಿಷ್ ಪುಸ್ತಕ ಒಂದೇ, ಇಂಗ್ಲೆಂಡಿನ ಇತಿಹಾಸ. ತಂದು ತೆರೆದೆ. ಯಾವನೋ ರಾಜನ ತಲೆ ಹಾರುವ ಪುಟ ಬಂತು. ಆ ಪುಟದ ಮೇಲೆ ಬೆರಳಿಟ್ಟು, ನಿಧಾನವಾಗಿ, ಕನ್ನಡದಲ್ಲಿ ಓದಿದೆ. ಸೀರೆಯನ್ನು ಕೆಡಿಸಬಾರದು, ಹೊಕ್ಕು ಉಳಿದರೆ ಎರಡು ಸೀರೆ ನೇಯಬೇಕು, ಹಾಸು ಕಡಿಮೆ ಬಿದ್ದರೆ ಇಡೀ ಲಡಿ ತರಬೇಕು, ಗಂಜಿ ಹಾಕಿ ತೂಕ ತುಂಬಬಾರದು. ನೀಲವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಭಾಳ ಶ್ಯಾಣ್ಯಾ ಅದಾನ್ರಿ ಇದನ್ನ ಬರದಾಂವ" ಎಂದಳು. "ಇಂಗ್ಲಿಷರಾಂವ ಇರಲಿ, ಯಾರs ಇರಲಿ, ಇಷ್ಟ ತಿಳೀಬೇಕಂದ್ರ ಅಂವನೂ ಯಾರೋ ನೇಕಾರ ಹೆಣಮಗಳ ಮನ್ಯಾಗ ಬಾಡಗಿ ಇದ್ದಿರಬೇಕು ನೋಡ್ರಿ."

"ಇದ್ದಿರಬೇಕ್ರಿ" ಎಂದು ನಾನು ಪುಸ್ತಕ ಮುಚ್ಚಿದೆ.