ಫೋನಿನೊಳಗೆ ಸೊಪ್ಪು ವಿಂಗಡಿಸಿದ್ದು

ವಯಸ್ಸಾದ ಮೇಲೆ ದೊಡ್ಡ ತಪ್ಪು ಮಾಡಲು ಮೈಯಲ್ಲಿ ಶಕ್ತಿ ಇರುವುದಿಲ್ಲ. ಹಾಗಾಗಿ ಮುದುಕರೆಲ್ಲ ಸಾಧುಗಳಂತೆ ಕಾಣುತ್ತಾರೆ. ನಮಗೇನೋ ಅದು ಅನುಕೂಲವೇ. ಮೊದಲೆಲ್ಲ ತಪ್ಪು ಮಾಡಬೇಕಾದರೆ ಮನೆ ಬಿಟ್ಟು ಹೊರಗೆ ಹೋಗಬೇಕಿತ್ತು, ಜೊತೆಗೆ ಇಬ್ಬರಾದರೂ ಬೇಕಿತ್ತು. ಈಗ ಜಗಲಿಯಲ್ಲಿ ಕಾಲು ಚಾಚಿ ಕೂತು ಒಂದೇ ಹೆಬ್ಬೆರಳಲ್ಲಿ ಮಾಡಬಹುದು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಹಾಗೆ ಮಾಡಿದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಹೆಂಡತಿಯ ಮುಂದೆ ಆಗಲೇ ಒಪ್ಪಿಕೊಂಡಾಗಿದೆ, ಆದ್ದರಿಂದ ಧೈರ್ಯವಾಗಿ ಬರೆಯಬಹುದು.

ನಮ್ಮದು ಬಿಳಿಕೆರೆ. ಎಸ್ಸೆಸ್ಸೆಲ್ಸಿ ಮುಗಿಸಿದವನೇ ಹೊಗೆಸೊಪ್ಪಿನ ಶೆಡ್ಡು ಸೇರಿ, ಮೂವತ್ತೆಂಟು ವರ್ಷ ಸೊಪ್ಪು ವಿಂಗಡಿಸಿದೆ. ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೆಂದು ಬಂದ ಎಲೆಯನ್ನು ಬೆಳಕಿಗೆ ಹಿಡಿದು ಬಣ್ಣ ನೋಡಬೇಕು, ಬೆರಳಲ್ಲಿ ಸವರಬೇಕು, ಮೇಲ್ದರ್ಜೆ, ನಡು, ಕೆಳದರ್ಜೆ ಎಂದು ಬೇರೆ ಬೇರೆ ರಾಶಿಗೆ ಹಾಕಬೇಕು. ಕೆಲಸ ಬಿಟ್ಟರೂ ಕೈಯ ಚಟ ಬಿಡಲಿಲ್ಲ. ಅವರೆಕಾಯಿ ಕಂಡರೂ ವಿಂಗಡಿಸುತ್ತೇನೆ, ಮದುವೆ ಮನೆಯಲ್ಲಿ ನೆಂಟರನ್ನೂ ವಿಂಗಡಿಸುತ್ತೇನೆ. ಒಮ್ಮೆ ನನ್ನ ಹೆಂಡತಿ ಜಯಮ್ಮ, "ನನ್ನ ಯಾವ ಗ್ರೇಡಿಗೆ ಹಾಕಿದ್ದೀರಿ?" ಎಂದು ಕೇಳಿದಳು. "ಇನ್ನೂ ನೋಡ್ತಾ ಇವ್ನಿ" ಎಂದೆ. ಆ ದಿನ ಸಾರಿಗೆ ಉಪ್ಪು ಬೀಳಲಿಲ್ಲ. ನಮ್ಮ ಶೆಡ್ಡಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಬೇಡವೆಂದು ತೆಗೆದ ಎಲೆಯನ್ನು ಆ ಕೂಡಲೇ ಆಚೆಗೆ ಎಸೆಯುವ ಹಾಗಿರಲಿಲ್ಲ. ಮೂಲೆಯಲ್ಲಿ ಗುಡ್ಡೆ ಹಾಕಿ ಗೋಣಿತಾಟು ಹೊದಿಸಬೇಕು, ಸೊಪ್ಪಿನ ಯಜಮಾನ ಬಂದು ತಾಟು ಎತ್ತಿ ನೋಡಿ "ಹೂಂ, ಹೋಗಲಿ" ಎಂದ ಮೇಲೆಯೇ ಅದು ತಿಪ್ಪೆಗೆ. ಈ ಮಾತು ನೆನಪಿರಲಿ. ನಾನು ಮಾತ್ರ ಮರೆತಿದ್ದೆ.

ಈಗ ಫೋನಿನ ವಿಷಯ. ಗಂಡ ಹೆಂಡತಿಗೆ ಸೇರಿ ನಮಗಿರುವುದು ಒಂದೇ ಫೋನು. ಹಳೆಯದಾಗಿ ಹೆಣವಾಗಿದ್ದ ಅದಕ್ಕೆ ಜೀವ ಕೊಟ್ಟವಳು ಹುಣಸೂರಿನ ನಸ್ರೀನ್. ಅವಳ ತಂದೆ ರೇಡಿಯೊ ರಿಪೇರಿ ಮಾಡುತ್ತಿದ್ದವರು, ನನ್ನ ಸ್ನೇಹಿತರು. ಈಗ ಎರಡು ಮಕ್ಕಳ ತಾಯಿಯಾದ ಮಗಳು ಅದೇ ಅಂಗಡಿಯಲ್ಲಿ ಫೋನು, ಕಂಪ್ಯೂಟರು ರಿಪೇರಿ ಮಾಡುತ್ತಾಳೆ. "ಕಂಪನಿಯವರು ಈ ಫೋನ್ ಕೈ ಬಿಟ್ಟಿದಾರೆ ತಾತ. ನಾನು ಲಿನಕ್ಸ್ ಹಾಕ್ಕೊಡ್ತೀನಿ, ಇನ್ನೊಂದು ಐದು ವರ್ಷ ಓಡುತ್ತೆ" ಎಂದು ಹೇಳಿ, ಹಾಗೆಯೇ ಮಾಡಿಕೊಟ್ಟಳು. ಲಿನಕ್ಸ್ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಊರಲ್ಲಿ ಯಾರ ಹತ್ತಿರವೂ ಇಲ್ಲ ಎಂಬುದಷ್ಟೇ ಗೊತ್ತಿತ್ತು. ಹೋಟೆಲಿನಲ್ಲಿ ಕೂತು "ನಮ್ಮದು ಲಿನಕ್ಸು" ಎಂದು ಹೇಳಿಕೊಳ್ಳಲು ಅಷ್ಟು ಸಾಕಾಗಿತ್ತು.

ಅದರಲ್ಲಿ ಜಯಮ್ಮ ತನ್ನ ಅಕ್ಕ ಕೆಂಪಮ್ಮನ ಹಾಡುಗಳನ್ನು ತುಂಬಿಸಿದ್ದಳು. ಕೆಂಪಮ್ಮನನ್ನು ಕೊಟ್ಟಿದ್ದು ಮಿರ್ಲೆಗೆ. ಆ ಕಡೆಯ ಮದುವೆಗಳಿಗೆಲ್ಲ ಸೋಬಾನೆ ಹೇಳುತ್ತಿದ್ದ ಹೆಣ್ಣುಮಗಳು. ಹೋದ ವರ್ಷ ನಮ್ಮ ಮನೆಗೆ ಬಂದು ಒಂದು ವಾರ ಇದ್ದಾಗ ಅಕ್ಕ ಹೇಳಿದ್ದು, ತಂಗಿ ಹಿಡಿದಿಟ್ಟಿದ್ದು, ಒಟ್ಟು ಹದಿನೇಳು ಹಾಡು. ಆಮೇಲೆ ಕೆಂಪಮ್ಮನಿಗೆ ಲಕ್ವ ಹೊಡೆದು ಮಾತೇ ತೊದಲಾಯಿತು. ಈಗ ಅವಳ ಮೊಮ್ಮಗಳ ಮದುವೆ ಗೊತ್ತಾಗಿ, "ಅಜ್ಜಿ ಹಾಡೇ ಬೇಕು, ಫೋನ್ ತನ್ನಿ, ಕೇಳ್ಕೊಂಡು ಕಲೀತೀವಿ" ಎಂದು ಮಿರ್ಲೆಯ ಹೆಂಗಸರು ಹೇಳಿಕಳಿಸಿದ್ದರು.

ಮದುವೆಗೆ ಇನ್ನೂ ದಿನವಿದೆಯೆಂದು ಫೋನನ್ನು ನನ್ನ ಹತ್ತಿರವೇ ಬಿಟ್ಟು ಜಯಮ್ಮ ಅಕ್ಕನನ್ನು ನೋಡಿಕೊಳ್ಳಲು ಮಿರ್ಲೆಗೆ ಹೋಗಿದ್ದ ಆ ವಾರವೇ ಫೋನು 'ಜಾಗ ಇಲ್ಲ' ಎಂದು ಹೇಳತೊಡಗಿತು. ಮೊದಲು ಮೆಲ್ಲಗೆ ಹೇಳಿತು. ಆಮೇಲೆ ಫೋಟೊ ತೆಗೆಯಲು ಹೋದರೂ ಜಾಗ ಇಲ್ಲ, ಹವಾಮಾನ ನೋಡಲು ಹೋದರೂ ಜಾಗ ಇಲ್ಲ. ಜಾಗ ಇಲ್ಲದಿದ್ದರೆ ವಿಂಗಡಿಸಬೇಕು ತಾನೇ? ಆ ವಿದ್ಯೆಯಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಕನ್ನಡಕ ಒರೆಸಿಕೊಂಡು ಜಗಲಿಯಲ್ಲಿ ಕೂತೆ. ನಾನು ತೆಗೆದಿದ್ದ ಬಾಳೆಗೊನೆಯ ನಲವತ್ತು ಫೋಟೊ ಮೇಲ್ದರ್ಜೆ. ಕೆಂಪಮ್ಮನ ಹಾಡುಗಳನ್ನು ಒಂದೊಂದಾಗಿ ಕೇಳಿದೆ. ಒಂದರಲ್ಲಿ ಕುಕ್ಕರ್ ಕೂಗುತ್ತದೆ, ಇನ್ನೊಂದರಲ್ಲಿ ಹುಂಜ. ಎಲ್ಲಕ್ಕಿಂತ ಉದ್ದವಾದ ಅರಿಸಿನ ಎಣ್ಣೆಯ ಹಾಡಿನ ನಡುವೆ ಯಾವನೋ ಒಬ್ಬ ಅವಿವೇಕಿ ಗೊರಗೊರ ಕೆಮ್ಮಿ, "ಕಾಪಿ ಆಯ್ತೋ ಇಲ್ವೋ?" ಎಂದು ಗದರುತ್ತಾನೆ. ಪಾಪ, ಕೆಂಪಮ್ಮ ಹಾಡು ನಿಲ್ಲಿಸಿ, ಅವನದು ಮುಗಿಯಲೆಂದು ಕಾದು, ಮತ್ತೆ ಎತ್ತಿಕೊಳ್ಳುತ್ತಾಳೆ. ಎಂಥ ಜನ ಇರುತ್ತಾರಪ್ಪ, ಮಿರ್ಲೆ ಕಡೆಯ ನೆಂಟನೇ ಇರಬೇಕು ಎಂದುಕೊಂಡೆ. ಹದಿನೇಳೂ ಕೆಳದರ್ಜೆ. ಅಳಿಸಿದೆ. ಕೊನೆಗೆ ಫೋನು 'ಕಸದ ಬುಟ್ಟಿ ಖಾಲಿ ಮಾಡಲೇ?' ಎಂದು ಕೇಳಿತು. ಯಾಕೋ 'ಬೇಡ' ಒತ್ತಿದೆ. ಫೋನು ಆಗಲೂ ಜಾಗ ಇಲ್ಲ ಎಂದೇ ಹೇಳಿತು.

ಮಿರ್ಲೆಯ ಸುದ್ದಿ ನೆನಪಾಗಿದ್ದು ಅಳಿಸಿದ ಮೇಲೆ. ಹಾಡುಗಳಿದ್ದ ಜಾಗ ತೆರೆದು ನೋಡಿದೆ, ಒಂದೂ ಇರಲಿಲ್ಲ. ಎರಡು ದಿನ ಬಿಟ್ಟು ಜಯಮ್ಮ ಬಂದವಳೇ, "ಅಕ್ಕನ ಪದ ಹಾಕ್ರೀ, ಒಂದ್ಸಲ ಕೇಳವ" ಎಂದಳು. ಆಗ ನಾನು ಎರಡನೆಯ ತಪ್ಪು ಮಾಡಿದೆ. ಮೊದಲನೆಯದು ತಿಳಿಯದೆ ಮಾಡಿದ್ದು, ಇದು ತಿಳಿದೂ ಮಾಡಿದ್ದು. "ಎಲ್ಲ ಹೊರಟೋಗದೆ ಕಣೆ. ಆ ನಸ್ರೀನು ಏನೋ ಲಿನಕ್ಸು ಅಂತ ತುಂಬವ್ಳಲ್ಲ, ಅದೇ ತಿಂದಾಕದೆ" ಎಂದೆ. ಜಯಮ್ಮ ಅಳುತ್ತಾಳೆ, ನಾನು ಸಮಾಧಾನ ಮಾಡುತ್ತೇನೆ, ಅಲ್ಲಿಗೆ ಮುಗಿಯುತ್ತದೆ ಎಂದು ನನ್ನ ಲೆಕ್ಕಾಚಾರ. ಅವಳು ಅಳಲಿಲ್ಲ. ಸೆರಗು ಸಿಕ್ಕಿಸಿ ಎದ್ದಳು. "ನಡೀರಿ ಹುಣಸೂರಿಗೆ. ಆ ಹುಡುಗಿನ ಬಾಯ್ಬಿಟ್ಟು ಕೇಳೇಬುಡ್ತೀನಿ."

ಬಿಳಿಕೆರೆಯಿಂದ ಹುಣಸೂರಿಗೆ ಬಸ್ಸು ಅಷ್ಟು ಬೇಗ ಹೋಗುತ್ತದೆ ಎಂದು ನನಗೆ ಅಂದೇ ತಿಳಿದದ್ದು.

ಜಯಮ್ಮ ಬೈದಳು, ನಸ್ರೀನ್ ತಲೆ ತಗ್ಗಿಸಿ ಕೇಳಿದಳು. "ಅಜ್ಜಿ, ಬೈಯಿರಿ ಪರವಾಗಿಲ್ಲ. ಮೊದಲು ನೋಡ್ತೀನಿ" ಎಂದು ಫೋನಿಗೆ ವೈರು ಸಿಕ್ಕಿಸಿ, ತನ್ನ ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಏನೋ ಹೊಡೆದಳು. ಬಿಳಿ ಅಕ್ಷರದ ಸಾಲುಗಳು ಬಂದವು. ಅವಳು ಹುಬ್ಬೇರಿಸಿದಳು.

"ಇದ್ರಲ್ಲಿ ಎರಡು ರೂಮಿದೆ ತಾತ. ಒಂದು ಅಡುಗೆಮನೆ ಅಂದ್ಕೊಳ್ಳಿ, ಫೋನಿನ ಕೆಲಸ ನಡೆಯೋದು ಅಲ್ಲೇ. ಇನ್ನೊಂದು ನಡುಮನೆ. ನಿಮ್ಮ ಫೋಟೊ, ಹಾಡು ಎಲ್ಲ ಅಲ್ಲಿರುತ್ತೆ. ನಡುವೆ ಗೋಡೆ. ಅಡುಗೆಮನೆ ಬಾಗಿಲವರೆಗೂ ತುಂಬ್ಕೊಂಡಿದೆ. ನಡುಮನೆ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ. ಮುಂಚೆಯಿಂದಾನೂ ಖಾಲೀನೇ."

"ಅಂದ್ರೆ ನಡುಮನೆಯಿಂದ ಏನ್ ತೆಗುದ್ರೂ…" ಎಂದೆ.

"ಬಿಲ್ಕುಲ್ ಉಪಯೋಗ ಇಲ್ಲ. ಅಡುಗೆಮನೇಲಿ ಏನಿದೆ ನೋಡೋಣ." ಮತ್ತೆ ಹೊಡೆದಳು. ಆಮೇಲೆ ನಗತೊಡಗಿದಳು. "ತಾತ, ದಿನಾ ಬೆಳಿಗ್ಗೆ ಅಪ್‌ಡೇಟ್ ಒತ್ತುತ್ತಿದ್ರಾ?"

ಒತ್ತುತ್ತಿದ್ದೆ. ಸಂಧ್ಯಾವಂದನೆಯಂತೆ ತಪ್ಪದೆ ಒತ್ತುತ್ತಿದ್ದೆ. ಫೋನು ಏನೇ ಕೇಳಿದರೂ 'ಹೂಂ' ಎನ್ನುತ್ತಿದ್ದೆ. ಮನೆಗೆ ಬಂದವರು ಕೇಳಿದ್ದಕ್ಕೆ ಇಲ್ಲವೆನ್ನುವುದು ನಮ್ಮಲ್ಲಿ ರೂಢಿಯಿಲ್ಲ. ಪ್ರತಿ ಸಲ ಬಂದ ಅಪ್‌ಡೇಟಿನ ಕಟ್ಟುಗಳನ್ನು ಫೋನು ಬಿಚ್ಚಿ ಜೋಡಿಸಿಕೊಂಡ ಮೇಲೂ ಖಾಲಿ ಡಬ್ಬಗಳಂತೆ ಅಡುಗೆಮನೆಯಲ್ಲೇ ಪೇರಿಸಿಟ್ಟಿತ್ತು. ಅದು ಸಾಲದೆಂದು ಯಾವ ಯಾವ ದೇಶದವೋ ಹನ್ನೊಂದು ಭಾಷೆಗಳನ್ನು ಬೇರೆ ಇಳಿಸಿಕೊಂಡಿದ್ದೆ. ನಸ್ರೀನ್ ಒಂದು ಸಾಲು ಹೊಡೆದಳು, ಡಬ್ಬಗಳು ಹೋದವು. ಇನ್ನೊಂದು ಹೊಡೆದಳು, ವಿದೇಶೀಯರು ಹೋದರು. ಫೋನು ಸರಾಗವಾಗಿ ಎದ್ದು ಕೂತಿತು.

"ಇದೆಲ್ಲ ಸರಿ ಕಣವ್ವ. ನಮ್ಮಕ್ಕನ ಪದ ಯಾಕ್ ಹೋಯ್ತು?" ಎಂದಳು ಜಯಮ್ಮ.

ನಸ್ರೀನ್ ನನ್ನ ಮುಖ ನೋಡಿದಳು. ಅವಳಿಗೆ ಆಗಲೇ ತಿಳಿದಿತ್ತು, ಆದರೂ ಹೇಳಲಿಲ್ಲ. ಬೈಗುಳ ತಿಂದವಳು ಸುಮ್ಮನಿದ್ದಾಳೆ, ತಿನ್ನಬೇಕಾದವನೂ ಸುಮ್ಮನಿದ್ದಾನೆ. ಅವಳ ತಂದೆ ಕೂರುತ್ತಿದ್ದ ಅದೇ ಬೆಂಚಿನ ಮೇಲೆ ನಾನು ಕೂತಿದ್ದೆ. ತಡೆಯಲಾಗಲಿಲ್ಲ.

"ಅವಳದೇನೂ ತಪ್ಪಿಲ್ಲ ಕಣೆ. ನಾನೇ ಅಳಿಸ್ದೆ. ಚೆನ್ನಾಗಿಲ್ಲ ಅಂತ ಕೆಳಗ್ರೇಡಿಗೆ ಹಾಕ್ದೆ" ಎಂದೆ.

ಜಯಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅಕ್ಕಂಗೆ ಮಾತು ಹೋದಾಗ ನಾನು ಅಳ್ನಿಲ್ಲ. ದನಿ ಅಂತೂ ನಮ್ಮನೇಲದೆ ಅನ್ಕಂಡಿದ್ದೆ" ಎಂದಳು. ಮೂವತ್ತೆಂಟು ವರ್ಷ ಎಲೆಗಳಿಗೆ ದರ್ಜೆ ಹಾಕಿದವನು ನಾನು. ಅಂದು ನನಗೆ ನಾನೇ ಹಾಕಿಕೊಂಡ ದರ್ಜೆಗೆ ಶೆಡ್ಡಿನಲ್ಲಿ ಹೆಸರೇ ಇರಲಿಲ್ಲ.

"ತಾತ, ಕಸದ ಬುಟ್ಟಿ ಖಾಲಿ ಮಾಡಿದ್ರಾ?" ಎಂದಳು ನಸ್ರೀನ್.

"ಕೇಳ್ತು. ಬೇಡ ಅಂದೆ."

"ಎಲ್ಲಕ್ಕೂ ಹೂಂ ಅನ್ನೋರು ಅದಕ್ಕೆ ಮಾತ್ರ ಯಾಕೆ ಬೇಡ ಅಂದ್ರಿ?"

ಆಗ ಹೊಳೆಯಿತು. ಯಜಮಾನ ತಾಟು ಎತ್ತಿ ನೋಡದೆ ಬೇಡದ ಸೊಪ್ಪನ್ನು ಆಚೆಗೆ ಹಾಕುವ ಹಾಗಿಲ್ಲ. ತಲೆ ಮರೆತರೂ ಹೆಬ್ಬೆರಳು ಮರೆತಿರಲಿಲ್ಲ. ನಸ್ರೀನ್ ಬುಟ್ಟಿ ತೆರೆದಳು. ಹದಿನೇಳೂ ಒಂದರ ಪಕ್ಕ ಒಂದು ಮಲಗಿದ್ದವು. ಜಯಮ್ಮ ನಸ್ರೀನಳ ಕೆನ್ನೆ ಸವರಿ, "ಬೈದ್ನಲ್ಲ ಮಗಳೇ, ಮನಸಲ್ಲಿ ಇಟ್ಕಬ್ಯಾಡ" ಎಂದಳು. ನಾನೂ ಕೈ ಮುಗಿದೆ. "ಅಯ್ಯೋ ಅಲ್ಲಾ, ಕೈ ಇಳಿಸಿ ತಾತ" ಎಂದು ಅವಳು ಪರೀಕ್ಷೆಗೆಂದು ಒಂದು ಹಾಡು ಹಾಕಿದಳು. ಅರಿಸಿನ ಎಣ್ಣೆಯ ಹಾಡು. ನಡುವೆ ಬಂತು ನೋಡಿ, ಆ ಕೆಮ್ಮು, ಆ ಗದರಿಕೆ.

"ಇದಕ್ಕೇ ಕಣೆ ತೆಗ್ದಿದ್ದು. ಯಾವನೋ ಮಿರ್ಲೆ ಕಡೆಯೋನು…" ಎಂದೆ.

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. "ಮಿರ್ಲೆಯೋನಲ್ಲ ಕಣ್ರೀ, ಬಿಳಿಕೆರೆಯೋನು" ಎಂದಳು ಜಯಮ್ಮ. "ನಲವತ್ತೆಂಟು ವರ್ಸದಿಂದ ಅದೇ ದನೀಲಿ ಕಾಪಿ ಕೇಳ್ತಾವ್ನೆ."

ನಸ್ರೀನ್ ನಗು ತಡೆದುಕೊಂಡು, "ಬೇಕಾದ್ರೆ ಆ ದನಿ ಕತ್ತರಿಸಿ ಕೊಡ್ತೀನಿ ಅಜ್ಜಿ" ಎಂದಳು. "ಬ್ಯಾಡ ಬುಡವ್ವ, ಇರ್ಲಿ. ಎಲ್ಲಿಗೆ ಕಳ್ಸಲಿ ಅದ್ನ" ಎಂದಳು ಜಯಮ್ಮ.

ಮದುವೆ ಚೆನ್ನಾಗಿ ನಡೆಯಿತು. ಮಿರ್ಲೆಯ ಹೆಂಗಸರು ಫೋನು ಕೇಳಿಕೊಂಡು ಹಾಡನ್ನು ಇದ್ದದ್ದು ಇದ್ದ ಹಾಗೆ ಕಲಿತಿದ್ದರು. ಎಷ್ಟು ಚೆನ್ನಾಗಿ ಎಂದರೆ, ಎಣ್ಣೆ ಹಚ್ಚುವಾಗ ಹಾಡು ಆ ಕೆಮ್ಮಿನ ಜಾಗಕ್ಕೆ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ನಿಲ್ಲಿಸಿ, ಒಂದು ಗಳಿಗೆ ಕಾದು, ಮತ್ತೆ ಎತ್ತಿಕೊಂಡರು. ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ಕೆಂಪಮ್ಮನ ಸೊಟ್ಟ ಬಾಯಲ್ಲೂ ನಗು ಬಂತು. ಮುಂದೆ ಆ ಊರಿನ ಮದುವೆಗಳಲ್ಲೆಲ್ಲ ಹಾಡಿನ ಆ ಜಾಗದಲ್ಲಿ ಹಾಗೆಯೇ ನಿಲ್ಲಿಸುತ್ತಾರೆ, ಕಾರಣ ಯಾರಿಗೂ ಗೊತ್ತಿರುವುದಿಲ್ಲ. ಅಂದು ಆ ಮೌನದಲ್ಲಿ ನನಗೆ ನಿಜವಾಗಿಯೂ ಕೆಮ್ಮು ಬಂದಿತ್ತು. ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಕೂತೆ. ಕಾಫಿಯೂ ಬಂದಿರಲಿಲ್ಲ. ಕೇಳಲಿಲ್ಲ.