ಮಾವನವರ ಸ್ಕೂಟರಿಗೆ ನೀಲಿ ಬಣ್ಣ

ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ಕೊನೆಗೆ ಯಾರಾದರೊಬ್ಬರ ಎದುರಿಗೆ ತಲೆ ತಗ್ಗಿಸಿ ನಿಲ್ಲುವುದು ತಪ್ಪುವುದಿಲ್ಲ. ತೊಂಬತ್ತರ ದಶಕದಲ್ಲಿ, ಪುಣೆಯಲ್ಲಿ, ಒಂದೇ ಸ್ಕೂಟರಿನಿಂದ ಮೂರು ಸಲ ಹಾಗಾಯಿತು.

ಕಲಬುರಗಿಯ ನಮ್ಮ ಮಾವನವರು ಇಪ್ಪತ್ತು ವರ್ಷ ಮುದ್ದಿನಿಂದ ಓಡಿಸಿದ ಸ್ಕೂಟರು ಅದು. ಕೊಡುವಾಗಲೇ ಹೇಳಿದ್ದರು: “ಚಂದಾಗಿ ಇಟಗೋರಿ ಅಳಿಯಂದ್ರ. ದಸರಾಕ್ಕ ಬಂದು ನೋಡ್ತೀನಿ. ಹಾಳ್ಮಾಡಿದ್ರ ಸೊಲ್ಲಾಪುರದ ಸಣ್ಣ ಅಳಿಯಂದ್ರಿಗೆ ಕೊಡ್ತೀನಿ.” ಆ ಸಣ್ಣ ಅಳಿಯ ಎಲ್ಲದರಲ್ಲೂ ನನಗಿಂತ ಒಂದು ಕೈ ಮೇಲು. ಸ್ಕೂಟರು ಅವನ ಪಾಲಾದರೆ ನಾನು ಮಾವನ ಮನೆಗೆ ಹೋಗುವಂತೆಯೇ ಇಲ್ಲ. ಅದಕ್ಕೇ ಹೊಸ ಬಣ್ಣ ಹೊಡೆಯಲು ಕೂತೆ.

೧. ಪಂಪು

ಬ್ರಶ್ಶಿನಿಂದ ಹೊಡೆದರೆ ಗೆರೆಗಳು ಬೀಳುತ್ತವೆ ಎಂದರು ಯಾರೋ. ಸ್ಪ್ರೇ ಗನ್ ನನ್ನಲ್ಲಿರಲಿಲ್ಲ, ಸೊಳ್ಳೆ ಔಷಧ ಹೊಡೆಯುವ ಪಂಪಿತ್ತು. ಅದಕ್ಕೇ, ಬಣ್ಣಕ್ಕೆ ಮೊದಲು ಬಳಿಯುವ ಕೆಂಪು ಪ್ರೈಮರ್ ತುಂಬಿ ಅಂಗಳದಲ್ಲಿ ಶುರುಮಾಡಿದೆ. ಗಾಳಿ ಪಕ್ಕದ ಮನೆಯ ಕಡೆ ಬೀಸುತ್ತಿತ್ತು. ಅಲ್ಲಿ ಮರಾಠಿ ಅಜ್ಜಿಯೊಬ್ಬರು ಹಪ್ಪಳ ಒಣಗಹಾಕಿದ್ದರು. ಹೊರಬಂದು ಒಂದನ್ನೆತ್ತಿ ತಿರುವಿ ನೋಡಿ, ಮೆಲ್ಲಗೆ ಮರಾಠಿಯಲ್ಲೇ ಕೇಳಿದರು: “ಖಾರದ ಪುಡಿ ನಾನೇ ಹಾಕಿದ್ದೆನಲ್ಲ ಮಗಾ, ನೀನ್ಯಾಕೆ ಮತ್ತೆ ಹಾಕಿದೆ?”

೨. ಪಾಸ್

ಪ್ರೈಮರಿನ ಜೊತೆಗೆ ನನ್ನ ಉತ್ಸಾಹವೂ ಮುಗಿಯಿತು. ಆ ತೇಪೆ ತೇಪೆ ಕೆಂಪಿನಲ್ಲೇ ಹಡಪಸರದ ಕಾರ್ಖಾನೆಗೆ ಹೋಗಿಬರತೊಡಗಿದೆ. ಒಂದು ಸಂಜೆ ಗೇಟಿನಲ್ಲಿ ಹೊಸ ವಾಚ್‌ಮನ್, ನಮ್ಮ ಯಾದಗಿರಿ ಕಡೆಯವನೇ, ಅಡ್ಡಗಟ್ಟಿದ.

“ಪಾಸ್ ತೋರಸ್ರಿ.”

“ಯಾತರ ಪಾಸ್?”

“ಸ್ಕ್ರ್ಯಾಪ್ ಹೊರಗ ಹೊಂಟದಲ್ರಿ.”

“ಇದು ನನ್ನ ಗಾಡಿ ಅದ.”

ಅವನು ಸ್ಕೂಟರಿಗೆ ಒಂದು ಸುತ್ತು ಹಾಕಿ, “ಎಲ್ಲಾರೂ ಹಂಗೇ ಅಂತಾರ್ರಿ,” ಎಂದ.

ಹಿಂದೆ ಇಡೀ ಶಿಫ್ಟು ನಿಂತು ನಗುತ್ತಿತ್ತು. ಕೊನೆಗೆ ಸ್ಟೋರಿನವರು ಪಾಸ್ ಬರೆದುಕೊಟ್ಟರು. ‘ಹಳೆಯ ಕಬ್ಬಿಣ, ಒಂದು’ ಎಂದಿತ್ತು. ಕೆಳಗೆ ನಾನೇ ಸಹಿ ಹಾಕಿದೆ.

೩. ದಸರೆ

ದಸರೆಯ ಮಧ್ಯಾಹ್ನ ಮಾವನವರು ಶಿವಾಜಿನಗರದಲ್ಲಿ ಬಸ್ ಇಳಿಯುವಾಗ ನಾನಿನ್ನೂ ನೀಲಿ ಬಣ್ಣದ ಮೂರನೇ ಕೋಟ್ ಹೊಡೆಯುತ್ತಿದ್ದೆ. ಒಂದೊಂದು ಕೋಟೂ ಒಂದು ದಿನ ಒಣಗಬೇಕಂತೆ. ನಾನು ಮೂರನ್ನೂ ಅವತ್ತೇ ಮುಗಿಸಿದ್ದೆ.

ನೋಡಿದೊಡನೆ ಮಾವನವರ ಕಣ್ಣು ತುಂಬಿತು. “ಹೊಸಾದೇ ಆಗ್ಯದಲ್ರಿ,” ಎಂದರು. ನೆಗಡಿಯಿದ್ದದ್ದರಿಂದ ಬಣ್ಣದ ವಾಸನೆ ಅವರಿಗೆ ತಿಳಿಯಲಿಲ್ಲ. ಸಂಜೆ ಪೂಜೆ ಮಾಡಿ, ನಾನು ತಡೆಯುವುದರೊಳಗೆ ಹೆಡ್‌ಲೈಟಿನ ಮೇಲ್ಭಾಗಕ್ಕೆ ಹಣೆ ಹಚ್ಚಿ ನಮಸ್ಕರಿಸಿಬಿಟ್ಟರು. ಎದ್ದಾಗ ವಿಭೂತಿಯ ಮೇಲೆ ಅಂಗೈಯಗಲ ನೀಲಿ.

ಹೇಳಬೇಕಿತ್ತು. ಹೇಳಿದರೆ ಸ್ಕೂಟರು ಸೊಲ್ಲಾಪುರಕ್ಕೆ. ಸುಮ್ಮನೆ ಗೋಡೆ ನೋಡಿದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಅಡುಗೆಮನೆಯಿಂದ ಹೆಂಡತಿ ಬರುವಷ್ಟರಲ್ಲಿ ಅವರು ಬನ್ನಿ ಎಲೆ ಹಂಚಲು ಮನೆಮನೆಗೆ ಹೊರಟಾಗಿತ್ತು.

ಒಂದು ತಾಸಿಗೆ ಖುಷಿಯಿಂದ ಮರಳಿದರು. “ಪುಣೆ ಮಂದಿ ಭಾಳ ಸಂಸ್ಕಾರವಂತರ್ರಿ. ಎಲ್ಲಾರೂ ನನ್ನ ಹಣಿ ನೋಡಿ ಕೈ ಮುಗದ್ರು. ಒಬ್ಬಾಕಿ ಅಂತೂ ಕಾಲು ಮುಟ್ಟಿ, ಯಾವ ಮಠದವ್ರು ಅಂತ ಕೇಳಿದ್ಳು.”

ಆಮೇಲೆ ಕೈ ತೊಳೆಯಲು ಹೋಗಿ ಕನ್ನಡಿ ನೋಡಿಕೊಂಡರು.

ಅರ್ಧ ತಾಸು ಸೀಮೆಎಣ್ಣೆ ಹಚ್ಚಿ ತಿಕ್ಕಿದೆ. ಕೊನೆಗೆ ನಾನೇ, “ಮಾವಾರ, ಗಾಡಿ ಸೊಲ್ಲಾಪುರಕ್ಕ ಕಳಿಸ್ರಿ,” ಎಂದೆ.

ಅವರು ಹಣೆ ಒರೆಸಿಕೊಳ್ಳುತ್ತ ಕಿಟಕಿಯಿಂದ ಸ್ಕೂಟರನ್ನು, ಹೆಡ್‌ಲೈಟಿನ ಮೇಲೆ ಮೂಡಿದ್ದ ತಮ್ಮ ಹಣೆಯ ಗುರುತನ್ನು, ಬಹಳ ಹೊತ್ತು ನೋಡಿದರು.

“ಬ್ಯಾಡ್ರಿ. ನಿಮ್ಮ ಹತ್ರಾನೇ ಇರಲಿ. ಇದನ್ನ ಸಣ್ಣ ಅಳಿಯಂದ್ರಿಗೆ ಕೊಟ್ರ ನನ್ನ ಮರ್ಯಾದಿ ಉಳಿಯಂಗಿಲ್ಲ.”