ನೂರಾ ಹದಿನಾಲ್ಕು ತುಂಡಿನ ವೀರನಿಗೆ ಹೆಸರಿಟ್ಟದ್ದು

ನಮ್ಮ ಕಡೆ 'ಹೆಸರಿಡುವುದು' ಎಂಬ ಮಾತಿಗೆ ಎರಡು ಅರ್ಥ. ಕೂಸನ್ನು ತೊಟ್ಟಿಲಿಗೆ ಹಾಕಿ ನಾಮಕರಣ ಮಾಡುವುದೂ ಹೆಸರಿಡುವುದೇ. ಸಾರಿಗೆ ಉಪ್ಪು ಕಡಿಮೆ, ಸೀರೆಯ ಅಂಚು ಅಗಲ ಎಂದು ಹುಳುಕು ತೆಗೆಯುವುದೂ ಹೆಸರಿಡುವುದೇ. ಮೊದಲನೆಯದನ್ನು ನಾನು ಜೀವನದಲ್ಲಿ ಒಂದೇ ಸಲ ಮಾಡಿದ್ದೇನೆ, ಮಗಳು ಐಶ್ವರ್ಯಳಿಗೆ. ಅದೂ ಹೆಂಡತಿ ಹೇಳಿದ ಹೆಸರನ್ನೇ ಇಟ್ಟದ್ದು. ಎರಡನೆಯದನ್ನು ನಾನು ಮೂರು ಹೊತ್ತೂ ಮಾಡುತ್ತೇನೆಂದು ಅದೇ ಹೆಂಡತಿಯ, ಅಂದರೆ ವಿಜಯಲಕ್ಷ್ಮಿಯ ಆರೋಪ.

ಆರೋಪ ಪೂರ್ತಿ ಸುಳ್ಳಲ್ಲ. ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಮಾಲು ನೋಡುವವನು. ಸಿರವಾರ, ಕವಿತಾಳದ ಕಡೆಯಿಂದ ಭತ್ತದ ಲಾರಿ ಬಂದು ನಿಂತರೆ ಚೀಲಕ್ಕೆ ಕೊಳವೆ ಚುಚ್ಚಿ, ಒಂದು ಹಿಡಿ ಕಾಳು ತೆಗೆದು, "ಹಸಿ ಅದ", "ಜೊಳ್ಳು ಭಾಳ ಅದ", "ಕಡ್ಡಿ-ಕಸ ತಗದಿಲ್ಲ" ಎನ್ನುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. (ಆ ಸಂಬಳಕ್ಕೂ ಹೆಸರಿಡಬಹುದು. ಆದರೆ ಸಾಹುಕಾರರು ಇದನ್ನು ಓದಿಯಾರು.) ಹಗಲೆಲ್ಲ ಇದೇ ಕೆಲಸ ಮಾಡಿದವನು ಸಂಜೆ ತಟ್ಟೆಯ ಮುಂದೆ ಕುಳಿತಾಗ ಬಾಯಿ ತಾನಾಗಿ ತೆರೆದುಕೊಂಡರೆ ಅದು ಯಾರ ತಪ್ಪು?

ನನ್ನ ಈಗಿನ ಅವಸ್ಥೆ ಶುರುವಾದದ್ದು ಪಕ್ಕದ ಮನೆಯ ಗೊಂಬೆಯಿಂದ. ಹೈಸ್ಕೂಲ್ ಮಾಸ್ತರು ಗುರುಪ್ರಸನ್ನರು ತಮ್ಮ ಮಗಳು ಮಹತಿಗೆ ರಾಯಚೂರಿನಿಂದ ಒಂದು ಸೂಪರ್‌ಹೀರೋ ತಂದುಕೊಟ್ಟರು. ಗೇಣುದ್ದದ ಗೊಂಬೆ. ಕುತ್ತಿಗೆ, ಸೊಂಟ, ಮೊಣಕಾಲು ಎಲ್ಲ ತಿರುಗುತ್ತವೆ. ಬೆಲೆ ಮೂರು ಸಾವಿರದ ಎಂಟುನೂರು. ಅದರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಒಂಬತ್ತು ವರ್ಷದ ಐಶ್ವರ್ಯ ಅದನ್ನು ನೋಡಿ ಬಂದವಳು ಎರಡು ದಿನ ರೊಟ್ಟಿಗೆ, ಪಲ್ಯಕ್ಕೆ, ಮಜ್ಜಿಗೆಗೆ ಹೆಸರಿಟ್ಟಳು. (ರಕ್ತಗುಣ.) ಮೂರನೆಯ ದಿನ ನೇರ ಮಾತಿಗೆ ಬಂದಳು.

"ಅಪ್ಪಾ, ನನಗೂ ಅಂಥಾದ್ದು ಬೇಕು."

"ಮೂರು ಸಾವಿರದ ಎಂಟನೂರಾ? ಆ ರೊಕ್ಕಕ್ಕ ಎರಡು ಚೀಲ ಅಕ್ಕಿ ಬರ್ತಾವ!"

"ಅಕ್ಕಿ ಹಾರತದೇನು?"

ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದ ನಾನು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟೆ.

ಅದೇ ವಾರ ಗಿರಣಿಯ ಕೆಲಸಕ್ಕೆ ರಾಯಚೂರಿಗೆ ಹೋದವನು ಬಸ್‌ಸ್ಟ್ಯಾಂಡಿನ ಹತ್ತಿರ ಕಲೀಮುಲ್ಲಾನ ಆಟಿಕೆ ಅಂಗಡಿ ಹೊಕ್ಕೆ. ಗಾಜಿನೊಳಗೆ ನಿಂತಿದ್ದ ಗೊಂಬೆಗಳ ಬೆಲೆ ಕೇಳಿ ನಾನು ಹಿಂದಕ್ಕೆ ಹೆಜ್ಜೆ ಇಟ್ಟದ್ದನ್ನು ನೋಡಿ ಅವನು ಕೆಳಗಿನ ಖಾನೆಯಿಂದ ಒಂದು ಚಪ್ಪಟೆ ಡಬ್ಬಿ ತೆಗೆದ.

"ಸಾಹೇಬ್ರ, ಅದು ರೆಡಿಮೇಡ್, ಇದು ಜೋಡಸೂದು. ಆದ್ಮಿ ಪೂರಾ ಅದಾನ, ಬರೇ ಬಿಡಿಬಿಡಿ ಆಗ್ಯಾನ. ನಾಕನೂರಾ ಐವತ್ತು ಕೊಡ್ರಿ."

"ಜೋಡಸೂದು ತ್ರಾಸ ಅದ ಏನು?"

"ಛೇ ಛೇ! ಕಟ್ ಮಾಡೂದು, ಕಟಕ್ ಅಂತ ಒತ್ತೂದು. ಗೋಂದು ಸೈತ ಬ್ಯಾಡ. ಸಣ್ಣ ಸಣ್ಣ ಬಚ್ಚಾಗಳು ಮಾಡ್ತಾವ್ರಿ."

ಸಣ್ಣವರು ಮಾಡುತ್ತಾರೆ ಎಂದರೆ ದೊಡ್ಡವರೂ ಮಾಡಬಲ್ಲರು ಎಂದು ಅರ್ಥವಲ್ಲ. ಇದು ನನಗೆ ಆಗ ಹೊಳೆಯಲಿಲ್ಲ. ಡಬ್ಬಿಯ ಮೇಲೆ ವೀರನ ಚಿತ್ರವಿತ್ತು, ಪಕ್ಕದಲ್ಲಿ ಚೀನೀ ಲಿಪಿ ಇತ್ತು. ನೂರಾ ಹದಿನಾಲ್ಕು ತುಂಡು ಎಂಬ ಅಂಕಿಯೊಂದೇ ನನಗೆ ಓದಲು ಬಂದದ್ದು.

ಡಬ್ಬಿ ನೋಡಿ ಮಗಳು ಕುಣಿದಳು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು.

"ನಿಮ್ಮ ಕೈಲೆ ಆಗ್ತದೇನ್ರಿ? ಹ್ವಾದ ವರ್ಷ ಫ್ಯಾನ್ ಬಿಚ್ಚಿದ್ರಿ. ಇನ್ನಾ ಮಂಚದ ಬುಡಕ ಅದ."

"ಫ್ಯಾನಿನ ಮಾತು ಬ್ಯಾರೆ, ಇದು ಬ್ಯಾರೆ."

"ಹೌದ್ಹೌದು. ಅದಕ್ಕ ಮೂರ ರೆಕ್ಕಿ ಇದ್ವು."

"ಏ, ಎಲ್ಲಾದಕ್ಕೂ ಅಡ್ಡ ಬಾಯಿ ಹಾಕಬ್ಯಾಡ. ಐತಾರದೊಳಗ ಮಾಡಿ ತೋರಸ್ತೀನಿ."

"ಹಂಗಾರ ಪಣ ಕಟ್ರಿ. ಐತಾರ ಸಂಜಿ ಆರಕ್ಕ ಇದು ಮಹತಿ ಗೊಂಬಿ ಮಗ್ಗಲ ನಿಂತಿರಬೇಕು. ನಿಲ್ಲಲಿಲ್ಲಂದ್ರ ಇನ್ನ ಮ್ಯಾಲ ಈ ಮನ್ಯಾಗ ನೀವು ಯಾವುದಕ್ಕೂ ಹೆಸರಿಡಂಗಿಲ್ಲ. ನನ್ನ ಅಡಗಿಗೆ ಇಲ್ಲ, ನನ್ನ ಸೀರಿಗೆ ಇಲ್ಲ, ನನ್ನ ತವರಮನಿಗಂತೂ ಇಲ್ಲವೇ ಇಲ್ಲ."

"ನಿಂತ್ರ?"

"ನಿಂತ್ರ ಒಂದು ವರ್ಷ ನೀವು ಏನಂದ್ರೂ ನಾ ಹೂಂ ಅಂತೀನಿ."

ಹದಿಮೂರು ವರ್ಷದ ದಾಂಪತ್ಯದಲ್ಲಿ ಆ ಅಕ್ಷರವನ್ನು ಅವಳ ಬಾಯಿಂದ ನಾನು ಕೇಳಿದ್ದಿಲ್ಲ. ಮೀಸೆ ತಿರುವಿ ಒಪ್ಪಿಕೊಂಡೆ.

ಸೋಮವಾರ ಸಂಜೆ ಡಬ್ಬಿ ಬಿಚ್ಚಿದೆ. ನಾಲ್ಕು ಪ್ಲಾಸ್ಟಿಕ್ ಚೌಕಟ್ಟುಗಳು. ಅವುಗಳಿಗೆ ನುಗ್ಗೆ ಕಡ್ಡಿಗೆ ಎಲೆ ಹತ್ತಿದ ಹಾಗೆ ತುಂಡುಗಳು ಹತ್ತಿಕೊಂಡಿದ್ದವು. ಅರ್ಧ ಕಿವಿ, ಕಾಲು ಭುಜ, ಹಿಮ್ಮಡಿ, ಎದೆ. ಇವನ್ನು ಕತ್ತರಿಸಲು ಬೇರೆಯೇ ಇಕ್ಕಳ ಬೇಕಂತೆ. ಅದಕ್ಕೇಕೆ ದುಡ್ಡು ಹಾಕಬೇಕೆಂದು ಅವ್ವನ ಎಲೆಚೀಲದಿಂದ ಅಡಕೊತ್ತು ತೆಗೆದುಕೊಂಡೆ. ನಮ್ಮವ್ವ ಚನ್ನಮಲ್ಲಮ್ಮನಿಗೆ ಊಟ ಬಿಟ್ಟರೂ ಎಲೆ-ಅಡಿಕೆ ಬಿಡಲಾಗದು.

"ಏ ಬಸವಾ, ನನ್ನ ಅಡಕೊತ್ತಿಗೆ ಕೈ ಹಚ್ಚಬ್ಯಾಡೋ! ಬಾಯಿ ಎಲ್ಲಾ ಪಿಲಾಸ್ಟಿಕ್ ನಾರಾಕತ್ತದ!"

"ಎರಡ ದಿನ ತಡಿಬೇ ಯವ್ವಾ. ನಿನ್ನ ಮೊಮ್ಮಗಳ ಸಲುವಾಗಿ."

ಅಡಕೊತ್ತು ಚೆನ್ನಾಗಿಯೇ ಕತ್ತರಿಸಿತು. ಎಡಗಾಲಿನ ಮಂಡಿಯೊಂದು ಮಾತ್ರ ಅಡಿಕೆ ಹೋಳಿನಂತೆ ಸಿಡಿದು ಅಡುಗೆಮನೆಯ ಕಡೆ ಹಾರಿತು, ಗುಡಿಸಿದರೂ ಸಿಗಲಿಲ್ಲ. (ಅಂದಿನ ಬೇಳೆಯಲ್ಲಿ ಏನೋ ಗಟ್ಟಿ ಸಿಕ್ಕಿತು. ಮಾತು ಬೆಳೆಯುತ್ತದೆಂದು ಹೆಸರಿಡದೆ ನುಂಗಿಬಿಟ್ಟೆ.)

ಇನ್ನು ನಾನು ಮಾಡಿದ ಘನಕಾರ್ಯ ಕೇಳಿ. ಪ್ರತಿ ತುಂಡಿನ ಬೆನ್ನಿಗೂ ಒಂದೊಂದು ಸಣ್ಣ ಮೊಳಕೆ ಇತ್ತು. ಇಪ್ಪತ್ತು ವರ್ಷ ಭತ್ತದಲ್ಲಿ ಕಡ್ಡಿ-ಕಸ ಹುಡುಕಿದ ಕಣ್ಣಿಗೆ ಅದು ಕಸವಾಗಿಯೇ ಕಂಡಿತು. ಎಂಥ ಕೊಳಕು ಮಾಲು ಕಳಿಸಿದ್ದಾರೆ ಎಂದು ಚೀನಾ ದೇಶಕ್ಕೆ ಹೆಸರಿಡುತ್ತಾ, ಮಂಗಳವಾರ, ಬುಧವಾರ ಎರಡು ಸಂಜೆ ಕುಳಿತು ಒಂದೊಂದನ್ನೂ ಬ್ಲೇಡಿನಿಂದ ನುಣ್ಣಗೆ ಹೆರೆದೆ. ಮೊರದಲ್ಲಿ ಹರವಿ ಹೆಂಡತಿಗೆ ತೋರಿಸಿದೆ.

"ಮಾಲು ನೋಡು ಈಗ! ಒಂದು ಕಡ್ಡಿ ಇಲ್ಲ."

ಗುರುವಾರ ಸೂಚನೆಯ ಹಾಳೆ ಬಿಚ್ಚಿದೆವು. ಬರೀ ಚಿತ್ರ, ಬಾಣದ ಗುರುತು. ಮಗಳು ಬೆರಳಿಟ್ಟು ನೋಡಿದಳು.

"ಅಪ್ಪಾ, ಈ ಕಡ್ಡಿ ಆ ತೂತಿನ್ಯಾಗ ಒತ್ತಬೇಕಂತ."

"ಯಾವ ಕಡ್ಡಿ?"

"ನೀ ಹೆರದು ಒಗದದ್ದು."

ಅಡುಗೆಮನೆಯಿಂದ ಯಾರೋ ನಕ್ಕ ಸದ್ದು ಕೇಳಿತು. ಯಾರೆಂದು ಹೇಳಬೇಕಾಗಿಲ್ಲ.

ಗೋಂದೇ ಬೇಡದ ವೀರನಿಗೆ ಕ್ಷಣದಲ್ಲಿ ಹಿಡಿಯುವ ಗೋಂದಿನ ನಾಲ್ಕು ಟ್ಯೂಬು ಸುರಿದೆ. ಎರಡು ಬೆರಳು ಅಂಟಿ, ಶುಕ್ರವಾರ ಗಿರಣಿಯಲ್ಲಿ ಕಾಳನ್ನು ಎಡಗೈಯಲ್ಲಿ ನೋಡಬೇಕಾಯಿತು. ಕಳೆದುಹೋದ ಮಂಡಿಯ ಜಾಗಕ್ಕೆ ಮಗಳು ಒಂದು ಹುಣಸೆಬೀಜ ತಂದುಕೊಟ್ಟಳು, ಅಳತೆ ಸರಿಯಾಗಿ ಕೂತಿತು. ವೀರ ಬಲಗೈ ಮುಷ್ಟಿ ಕಟ್ಟಿ ಆಕಾಶಕ್ಕೆ ನೆಗೆಯಬೇಕಿತ್ತು. ನಾನು ಮುಷ್ಟಿಯ ಬದಲು ಬಿಚ್ಚಿದ ಅಂಗೈ ಅಂಟಿಸಿದ್ದೆ, ಅದೂ ಸ್ವಲ್ಪ ವಾಲಿ.

"ಅಪ್ಪಾ, ಇಂವ ಹಾರಾಕತ್ತಿಲ್ಲ. ದೇವದುರ್ಗದ ಬಸ್ಸಿಗೆ ಕೈ ಮಾಡಾಕತ್ತಾನ."

ಆದರೆ ನಿಂತ! ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮೇಜಿನ ಮೇಲೆ ಯಾರ ಆಸರೆಯೂ ಇಲ್ಲದೆ ನಿಂತ. ನನ್ನ ಕಣ್ಣಲ್ಲಿ ನೀರು ಬಂತು. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನವೂ ನಾನು ಇಷ್ಟು ಹಿಗ್ಗಿರಲಿಲ್ಲ. (ಇದನ್ನು ಅವಳು ಓದಬಾರದು.)

ಅಷ್ಟಕ್ಕೆ ಬಿಟ್ಟಿದ್ದರೆ ಒಂದು ವರ್ಷ ರಾಜನಂತೆ ಇರುತ್ತಿದ್ದೆ. ಆದರೆ ಮಗಳು ತಕರಾರು ತೆಗೆದಳು. ಮಹತಿಯ ಹೀರೋಗೆ ಹೆಸರಿದೆ, ನಮ್ಮದಕ್ಕಿಲ್ಲ. ಅವ್ವ ಎಲೆಗೆ ಸುಣ್ಣ ಹಚ್ಚುತ್ತಾ ತೀರ್ಪು ಕೊಟ್ಟಳು.

"ಹೆಸರಿಲ್ಲದ ಕೂಸು ಮನ್ಯಾಗ ಇರಬಾರದು. ತೊಟ್ಟಲಕ ಹಾಕ್ರಿ. ಸೋದರತ್ತಿನ್ನ ಕರಸ್ರಿ."

ಕೂಸಿನ ಕಿವಿಯಲ್ಲಿ ಸೋದರತ್ತೆ 'ಕುರ್ರ್' ಎಂದು ಬಗ್ಗಿ ಹೆಸರು ಹೇಳಬೇಕು, ಆಗ ಉಳಿದವರು ಅವಳ ಬೆನ್ನಿಗೆ ಗುದ್ದಬೇಕು. ಇದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ವೀರನನ್ನು ಜೋಡಿಸಿದವನು ನಾನು, ಆದ್ದರಿಂದ ನನ್ನ ತಂಗಿ ಬಸ್ಸಮ್ಮ ಸೋದರತ್ತೆ. ದೇವದುರ್ಗಕ್ಕೆ ಫೋನ್ ಮಾಡಿದೆ.

"ಅಣ್ಣಾ, ನಿನಗ ತೆಲಿ ನೆಟ್ಟಗ ಅದ ಇಲ್ಲ? ಪಿಲಾಸ್ಟಿಕ್ ಗೊಂಬಿ ಸಲುವಾಗಿ ಬಸ್ಸು ಹತ್ತಿ ಬರಬೇಕಾ? ನನ್ನ ಪಾಲಿನ ಗುದ್ದು ನೀನ ತಿನ್ನು."

ಹೀಗೆ ನಾನೇ ಸೋದರತ್ತೆಯಾದೆ.

ಐದೂವರೆಗೆ ಗುರುಪ್ರಸನ್ನರು ಮಹತಿಯನ್ನೂ ಅವಳ ಗೊಂಬೆಯನ್ನೂ ಕರೆದುಕೊಂಡು ಬಂದರು. ಐಶ್ವರ್ಯ ವೀರನನ್ನು ಕೈಯಲ್ಲೆತ್ತಿ, "ಎಲ್ಲಾರೂ ನಮ್ಮ ಹೀರೋಗ ಹೆಸರಿಡ್ರಿ!" ಎಂದಳು. ಎಲ್ಲರೂ ಇಟ್ಟರು.

"ಒಂದು ಮಂಡಿ ಯಾಕ ಕಂದು ಅದರೀ?" ಎಂದರು ಮಾಸ್ತರು.

"ಕಿವಿ ಹಿಂದ ಮುಂದ ಆಗ್ಯಾವ," ಎಂದಳು ಮಹತಿ.

"ತೆಲಿ ಡೊಂಕ ಅದ ನೋಡು," ಎಂದಳು ನನ್ನನ್ನು ಹೆತ್ತ ತಾಯಿ.

ನನಗೆ ನಿಜವಾಗಿಯೂ ಬೇಸರವಾಯಿತು. ಆರು ಸಂಜೆ ಕೂತು ಮಾಡಿದ್ದಕ್ಕೆ ಒಬ್ಬರಾದರೂ ಚೆನ್ನಾಗಿದೆ ಅನ್ನಬಾರದೇ? ವಿಜಯಲಕ್ಷ್ಮಿ ಒಂದು ಹುಳುಕೂ ತೆಗೆಯಲಿಲ್ಲ. ಹತ್ತಿರ ಬಂದು ಮೆತ್ತಗೆ, "ಹೆಸರಿಡಿಸ್ಕೊಂಡ್ರ ಹೆಂಗಾಗ್ತದಂತ ಈಗ ತಿಳೀತೇನ್ರಿ?" ಎಂದಳು. ಅಷ್ಟರಲ್ಲಿ ಅವ್ವ ಡೊಂಕು ತಲೆಯನ್ನು ಸರಿಮಾಡಲು ಹೋದಳು, ಅದು ಕೈಗೇ ಬಂತು.

ಗಡಿಯಾರ ಆರಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಉಳಿದ ಗೋಂದನ್ನೆಲ್ಲ ಕುತ್ತಿಗೆಗೆ ಹಿಂಡಿ ತಲೆ ಕೂರಿಸಿದೆ, ತೊಟ್ಟಿಲ ಬದಲು ಮೊರದಲ್ಲಿ ಹಾಸಿದ ಬಟ್ಟೆಯ ಮೇಲೆ ವೀರನನ್ನು ಮಲಗಿಸಿದೆ. ಬೇಗ ಶಾಸ್ತ್ರ ಮುಗಿಸಿ ನಿಲ್ಲಿಸಿದರಾಯಿತು ಎಂದು ಬಗ್ಗಿ, ಅವನ ಕಿವಿಗೆ ಬಾಯಿ ತಂದು, 'ಪ್ರಚಂಡ ಸಿಡಿಲಬಾಹು' ಎಂಬ ಘನವಾದ ಹೆಸರನ್ನು ಹೇಳಲು ಉಸಿರೆಳೆದುಕೊಂಡೆ.

"ಕುರ್ರ್..."

ಬೆನ್ನಿಗೆ ಗುದ್ದು ಬಿತ್ತು. ಮಕ್ಕಳದ್ದು ಎರಡು, ಮಾಸ್ತರದ್ದು ಒಂದು, ಅದೂ ಮರ್ಯಾದೆಯ ಗುದ್ದು. ನಾಲ್ಕನೆಯದರಲ್ಲಿ ಹದಿಮೂರು ವರ್ಷದ ಸಾರು, ಸೀರೆ, ತವರುಮನೆ ಎಲ್ಲ ಇತ್ತು. ನನ್ನ ಮುಖ ನೇರ ಮೊರದೊಳಗೆ ಹೋಯಿತು.

ಎದ್ದಾಗ ವೀರ ನನ್ನ ಜೊತೆಗೇ ಎದ್ದ. ಅವನ ಕುತ್ತಿಗೆ ನನ್ನ ಬಲಮೀಸೆಗೆ ಭದ್ರವಾಗಿ ಅಂಟಿತ್ತು. ತುಟಿಗಳು ಒಂದಕ್ಕೊಂದು ಅಂಟಿದ್ದವು. ಕೈ ಎತ್ತಿಕೊಂಡು ಅವನು ನನ್ನ ಮೂಗಿನ ಕೆಳಗೆ ಬಸ್ಸು ಕಾಯುತ್ತಿದ್ದ.

ಎಲ್ಲರೂ ನಕ್ಕು ಸಾಕಾದ ಮೇಲೆ ವಿಜಯಲಕ್ಷ್ಮಿ ಮುಂದೆ ಬಂದಳು. ಗಡಿಯಾರ ತೋರಿಸಿದಳು.

"ಆರು ಹೊಡೀತು. ಮಹತಿ ಗೊಂಬಿ ಮೇಜಿನ ಮ್ಯಾಲ ನಿಂತದ. ನಿಮ್ಮದು ಜೋತಾಡಾಕತ್ತದ. ಸೋತಿರಿಲ್ಲ?"

ತಲೆ ಅಲ್ಲಾಡಿಸಿದರೆ ಮೀಸೆ ಕಿತ್ತು ಬರುವಂತಿತ್ತು. ಮೂಗಿನಿಂದಲೇ 'ಊಹೂಂ' ಎಂದೆ. ಮೊದಲ ಅಕ್ಷರ ಗೋಂದಿನಲ್ಲೇ ಉಳಿದು ಎರಡನೆಯದು ಮಾತ್ರ ಹೊರಬಂತು.

"ಹೂಂ!"

"ಮಾಸ್ತರ್ರ, ಕೇಳಿದ್ರಿಲ್ಲ? ಇನ್ನ ಮ್ಯಾಲ ಹೆಸರಿಡಂಗಿಲ್ಲ, ಖರೆ?"

"ಹೂಂ! ಹೂಂ!"

"ಪಂಚಮಿಗೆ ಜಾಲಹಳ್ಳಿಗೆ ನನ್ನ ತವರಿಗೆ ಹದಿನೈದು ದಿನ ಕಳಸ್ತೀರಿ?"

"ಹೂಂ! ಹೂಂ! ಹೂಂ!"

"ಒಂದು ಅಂದ್ರ ಸಾಕ್ರಿ. ಎಷ್ಟು ಖುಷಿ ನೋಡ್ರಿ ಇವರಿಗೆ."

ಐಶ್ವರ್ಯ ಚಪ್ಪಾಳೆ ತಟ್ಟಿದಳು. "ಅಪ್ಪ ಹೆಸರು ಹೇಳ್ಯಾನ! ನಮ್ಮ ಹೀರೋ ಹೆಸರು ಹೂಂಮ್ಯಾನ್!"

ತುಟಿಗಳನ್ನು ಅವ್ವ ಕುಸುಬೆ ಎಣ್ಣೆ ಕಾಯಿಸಿ ಹಚ್ಚಿ ಹಚ್ಚಿ ಬಿಡಿಸಿದಳು. ಮೀಸೆ ಮಾತ್ರ ಎಣ್ಣೆಗೆ ಬಗ್ಗಲಿಲ್ಲ. ವಿಜಯಲಕ್ಷ್ಮಿ ಕತ್ತರಿ ತಂದು ಬಲಭಾಗವನ್ನು ಬುಡಕ್ಕೇ ಕತ್ತರಿಸಿದಳು. ಅದು ಹೂಂಮ್ಯಾನನ ಗಲ್ಲದ ಕೆಳಗೆ ಅಂಟಿಕೊಂಡಿತ್ತು. ಮಗಳು ತಲೆಯನ್ನು ಸ್ವಲ್ಪ ತಗ್ಗಿಸಿ ಒತ್ತಿದಾಗ ಸರಿಯಾಗಿ ಅವನ ಮೂಗಿನ ಕೆಳಗೆ ಬಂತು. ನೂರಾ ಹದಿನೈದನೆಯ ತುಂಡು. ಅದನ್ನು ನೋಡಿ ಮಹತಿ ತನ್ನ ಗೊಂಬೆಯನ್ನು ನೋಡಿದಳು. ಆಮೇಲೆ ಅದನ್ನೆತ್ತಿಕೊಂಡು ಮನೆಗೆ ಹೋದಳು.

ಉಳಿದ ಎಡಮೀಸೆ ತೆಗೆಯಲು ನನಗೆ ಮನಸ್ಸು ಬರಲಿಲ್ಲ. ಇಪ್ಪತ್ತು ವರ್ಷ ಸಾಕಿದ ಮೀಸೆ. ಮಾಸ್ಕ್ ಕಟ್ಟಿಕೊಂಡು ಗಿರಣಿಗೆ ಹೋದರೆ ಯಾರಿಗೆ ತಿಳಿದೀತು, ಅಷ್ಟರೊಳಗೆ ಬಲಗಡೆಯದೂ ಬೆಳೆದೀತು ಎಂದು ಲೆಕ್ಕ ಹಾಕಿದ್ದೆ. ಸೋಮವಾರ ಬೆಳಿಗ್ಗೆ ಮಾಸ್ಕ್ ಹುಡುಕುತ್ತಿರುವಾಗ ಗುರುಪ್ರಸನ್ನರು ಬಾಗಿಲಲ್ಲಿ ಕೆಮ್ಮಿದರು. ಹಿಂದೆ ಮಹತಿ, ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಮೂರು ಸಾವಿರದ ಎಂಟುನೂರರ ಗೊಂಬೆ.

"ತಪ್ಪು ತಿಳೀಬ್ಯಾಡ್ರಿ ಬಸವಪ್ರಸಾದ. ಇಕಿ ನಿನ್ನಿಯಿಂದ ಊಟ ಬಿಟ್ಟಾಳ್ರಿ. ತನ್ನ ಹೀರೋಗ ಮೀಸಿ ಇಲ್ಲಂತ. ಅಷ್ಟು ರೊಕ್ಕ ತಗೊಂಡೂ ಕಂಪನಿಯವರು ಮೀಸಿ ಕೊಟ್ಟಿಲ್ಲ ನೋಡ್ರಿ." ಅವರು ತಮ್ಮ ನುಣ್ಣನೆಯ ಮೇಲ್ದುಟಿಯನ್ನು ಒಮ್ಮೆ ಸವರಿಕೊಂಡರು. "ನಾ ಕೊಡೋಣಂದ್ರ ನನಗ ಇಲ್ಲ. ನಿಮ್ಮದು ಹೆಂಗೂ ಅರ್ಧ ಉಳದದ..."

ಇದಕ್ಕೆ ಹೇಳಬೇಕಾದ ಮಾತುಗಳು ನನ್ನ ಬಾಯಲ್ಲಿ ಸಾಲಾಗಿ ಬಂದು ನಿಂತವು. ಮಾಸ್ತರಿಗೆ, ಮಹತಿಗೆ, ಕಲೀಮುಲ್ಲಾನಿಗೆ, ಚೀನಾ ದೇಶಕ್ಕೆ, ಎಲ್ಲರಿಗೂ ಒಂದೊಂದು ಹೆಸರು. ತುಟಿಗಳೂ ಈಗ ಚೆನ್ನಾಗಿ ತೆರೆಯುತ್ತಿದ್ದವು. ಆದರೆ ವಿಜಯಲಕ್ಷ್ಮಿ ಆಗಲೇ ಕತ್ತರಿ ಹಿಡಿದುಕೊಂಡು ಅಡುಗೆಮನೆಯಿಂದ ಬಂದು ನನ್ನ ಮುಂದೆ ನಿಂತಿದ್ದಳು.

"ಏನಂತೀರಿ?" ಎಂದಳು.

"ಹೂಂ," ಎಂದೆ.